ಕಾರ್ತಿಕದ ಹಿತ್ತಲು ಯಾರದು?

ಸ್ವಾತಿ ಮಳೆ ಹಿಂದೆ ಸರಿದು ವಿಶಾಖೆಯ ಹನಿಗಳೂ ಕ್ಷೀಣಿಸುವ ಹೊತ್ತಿಗೆ ಮಲೆನಾಡಿನ ಮಣ್ಣು ಹದವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕುಡಿದ ನೀರು ಇನ್ನೂ ಒಡಲಲ್ಲಿದೆ; ಮೇಲೆ ಎಳೆಬಿಸಿಲು, ರಾತ್ರಿ ತಂಪು, ಬೆಳಗ್ಗೆ ಇಬ್ಬನಿ. ತರಕಾರಿ ಬೀಜಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಆದರೆ ಇದೇ ವಾರಗಳಲ್ಲಿ ಘಟ್ಟದ ಊರುಗಳ ಸಂತೆಗೆ ಬಯಲುಸೀಮೆಯಿಂದ ಲಾರಿಗಳು ಹತ್ತಿ ಬರುತ್ತವೆ. ಎಲೆಕೋಸು, ಟೊಮೆಟೊ, ಬೀನ್ಸ್ ಇರಲಿ, ಹಿತ್ತಲ ಮೂಲೆಯಲ್ಲಿ ಮೂರು ವಾರದಲ್ಲಿ ಏಳುವ ಮೆಂತ್ಯ ಸೊಪ್ಪು ಸಹ ಅದೇ ಲಾರಿಯಲ್ಲಿ ಬಾಡಿ ಬಂದು ಮಾರಾಟವಾಗುತ್ತದೆ. ಕೊಂಡವರು ಚೀಲ ಹಿಡಿದು ಮನೆಗೆ ಹೋಗುತ್ತಾರೆ. ಮನೆಯ ಹಿಂದೆ ಹಿತ್ತಲು ಖಾಲಿ ಬಿದ್ದಿರುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಘಟ್ಟದ ಬೇರೆ ಊರುಗಳಿಗೆ ಅಷ್ಟಿಲ್ಲದಿದ್ದರೂ ಬಯಲಿನ ಹಲವು ಪಟ್ಟು ಮಳೆಯಿದೆ. ಹೀಗಿದ್ದೂ ಮಳೆ ಬಿದ್ದ ನೆಲ ತರಕಾರಿ ಕೊಳ್ಳುತ್ತದೆ. ಮಳೆ ಕಾಣದ ನೆಲ ಕೊಳವೆಬಾವಿ ಬತ್ತಿಸಿಕೊಂಡು ತರಕಾರಿ ಮಾರುತ್ತದೆ. ಈ ವಿಪರೀತವನ್ನು ಯಾರೂ ವಿಪರೀತವೆಂದು ಎಣಿಸುತ್ತಿಲ್ಲ. ಕಾರ್ತಿಕದಲ್ಲಿ ಹಿತ್ತಲಿಗೆ ಏನು ಹಾಕಬೇಕು ಎಂಬುದು ಬಿಡುವಿನ ವೇಳೆಯ ಹವ್ಯಾಸದ ಪ್ರಶ್ನೆ ಎಂದು ತಿಳಿದವರು ಈ ಲಾರಿಯನ್ನೊಮ್ಮೆ ನೋಡಬೇಕು. ಅದು ನೆಲ, ನೀರು, ಬೀಜ ಮತ್ತು ಹೆಂಗಸರ ದುಡಿಮೆಯ ಪ್ರಶ್ನೆ.

ಎರವಲು ಪಂಚಾಂಗ

ಚಳಿದೇಶಗಳ ತೋಟಗಾರಿಕೆಯ ಪುಸ್ತಕಗಳಲ್ಲಿ ಶರತ್ಕಾಲದ ಕೊನೆ ಹಣ್ಣಿನ ಸಸಿ ನೆಡುವ ಕಾಲ. ಅಲ್ಲಿ ಸೇಬು, ಪೇರು ಮರಗಳು ಎಲೆಯುದುರಿಸಿ ನಿದ್ರೆಗೆ ಜಾರಿರುತ್ತವೆ. ಮುಂದಿನ ತಿಂಗಳುಗಳಲ್ಲಿ ನೆಲ ತೇವವಾಗಿಯೇ ಇರುತ್ತದೆ. ವಸಂತದಲ್ಲಿ ಚಿಗುರುವುದರೊಳಗೆ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಆ ನೆಲಕ್ಕೆ ಅದು ಸರಿ. ಆದರೆ ಮಲೆನಾಡಿನ ಹಲಸು, ಮಾವು, ಮುರುಗಲು ಮರಗಳು ಹಾಗೆ ನಿದ್ರಿಸುವುದಿಲ್ಲ. ಇಲ್ಲಿ ಕಾರ್ತಿಕದ ಬಳಿಕ ಐದಾರು ತಿಂಗಳು ನೆಲ ಒಣಗುತ್ತಲೇ ಹೋಗುತ್ತದೆ. ನೀರಿನ ಆಸರೆಯಿಲ್ಲದೆ ಈಗ ನೆಟ್ಟ ಹಲಸಿನ ಸಸಿ ಶಿವರಾತ್ರಿಯ ಹೊತ್ತಿಗೆ ಒಣಕಡ್ಡಿಯಾಗಿ ನಿಂತಿರುತ್ತದೆ.

ಆದರೂ ಸಸಿ ಮಾರುವವರ ವ್ಯಾಪಾರ ಬಿರುಸಾಗುವುದು ಮಳೆ ನಿಂತ ಮೇಲಿನ ಮೇಳಗಳಲ್ಲಿ. ರಾಂಬುಟಾನ್, ಮ್ಯಾಂಗೋಸ್ಟೀನ್, ಬೆಣ್ಣೆಹಣ್ಣು, ಡ್ರ್ಯಾಗನ್ ಹಣ್ಣಿನ ಸಸಿಗಳು ಬಣ್ಣದ ಚೀಟಿ ಕಟ್ಟಿಕೊಂಡು ಕಾಯುತ್ತಿರುತ್ತವೆ. ಪರದೇಶದ್ದೆಂಬ ಕಾರಣಕ್ಕೆ ಯಾವ ಹಣ್ಣನ್ನೂ ದ್ವೇಷಿಸಬೇಕಾಗಿಲ್ಲ. ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿಗಳೆಲ್ಲ ಹಡಗು ಹತ್ತಿ ಬಂದು ಈ ಮಣ್ಣಿನವೇ ಆದವು. ಆಕ್ಷೇಪವಿರುವುದು ಮಾರುವವನ ಕಾಲವನ್ನು ನೆಡುವ ಕಾಲವೆಂದು ನಂಬಿಸುವ ವ್ಯವಹಾರಕ್ಕೆ. ಸಸಿ ಸತ್ತರೆ ನಷ್ಟ ಕೊಂಡವನದು. ಮುಂದಿನ ವರ್ಷ ಮತ್ತೆ ಕೊಳ್ಳುವವನೂ ಅವನೇ.

ಸರ್ಕಾರದ ಪಂಚಾಂಗವೂ ಅರ್ಧವೇ ಸರಿ. 1950ರಲ್ಲಿ ಕೆ.ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವ ಜುಲೈ ತಿಂಗಳ ಮೊದಲ ವಾರದ್ದು. ನೆಡುವುದಕ್ಕೆ ಅದು ತಕ್ಕ ಕಾಲವೇ. ಶಾಲೆಯ ಅಂಗಳದಲ್ಲಿ ಗುಂಡಿ ತೋಡಿ, ಅತಿಥಿಗಳಿಂದ ಸಸಿ ನೆಡಿಸಿ, ಛಾಯಾಚಿತ್ರ ತೆಗೆಸುತ್ತಾರೆ. ಆದರೆ ಆ ಸಸಿಯ ನಿಜವಾದ ಪರೀಕ್ಷೆ ಆರಂಭವಾಗುವುದು ನವೆಂಬರಿನಲ್ಲಿ. ಜುಲೈನಲ್ಲಿ ನೆಟ್ಟವರ ಲೆಕ್ಕ ಕಡತದಲ್ಲಿರುತ್ತದೆ. ಡಿಸೆಂಬರಿನಲ್ಲಿ ನೀರೆರೆದವರ ಲೆಕ್ಕ ಎಲ್ಲಿಯೂ ಇರುವುದಿಲ್ಲ.

ಆದುದರಿಂದ ಹಣ್ಣಿನ ಗಿಡಗಳ ಮಟ್ಟಿಗೆ ಕಾರ್ತಿಕದ ಕೆಲಸ ಉಳಿಸುವುದು. ಮಳೆಗಾಲದಲ್ಲಿ ನೆಟ್ಟ ಮಾವು, ಹಲಸು, ಅಪ್ಪೆಮಿಡಿ, ಮುರುಗಲು, ನಿಂಬೆ, ಕಂಚಿಯ ಸಸಿಗಳ ಬುಡದ ಕಳೆ ಸವರಿ ಅಲ್ಲಿಯೇ ಹಾಸಬೇಕು. ಅದರ ಮೇಲೆ ಗೇಣುದ್ದ ತರಗೆಲೆ ಮುಚ್ಚಿಗೆ ಕೊಡಬೇಕು. ಮುಚ್ಚಿಗೆ ಕಾಂಡಕ್ಕೆ ತಾಗಬಾರದು. ಪಶ್ಚಿಮದ ಬಿಸಿಲಿಗೆ ಮಡಲಿನ ಮರೆ ಕಟ್ಟಬೇಕು. ಫಲ ಕೊಡುವ ಮಾವಿಗೆ ಈ ತಿಂಗಳುಗಳಲ್ಲಿ ನೀರೆರೆಯಬಾರದು. ಎರೆದರೆ ಹೂವಿನ ಬದಲು ಚಿಗುರು ಹೊರಡುತ್ತದೆ. ಹೊಸದಾಗಿ ನೆಡಲೇಬೇಕೆಂದಿದ್ದರೆ ಬಚ್ಚಲ ನೀರು ತಲುಪುವ ಜಾಗದಲ್ಲಿ ಬಾಳೆಯ ಕಂದು, ಪಪ್ಪಾಯಿ ಸಸಿ ನೆಡಬಹುದು. ಮಳೆಗಾಲದಲ್ಲಿ ನೀರು ನಿಂತು ಬುಡ ಕೊಳೆಯುವ ಪಪ್ಪಾಯಿಗೆ ಮಳೆ ಮುಗಿದ ಈ ಕಾಲ ಒಗ್ಗುತ್ತದೆ.

ಮಡಿಗೆ ಬೀಳಬೇಕಾದ ಬೀಜ

ತರಕಾರಿಯ ಮಾತು ಬೇರೆ. ಅದಕ್ಕೆ ಇದು ಆರಂಭದ ಕಾಲ. ಹರಿವೆ, ಮೆಂತ್ಯ, ಮೂಲಂಗಿ, ಕೊತ್ತಂಬರಿಗಳನ್ನು ನೇರವಾಗಿ ಮಡಿಗೆ ಬಿತ್ತಬಹುದು. ಹರಿವೆಯ ಬೀಜ ಅತಿ ಸಣ್ಣದು. ಮರಳು ಇಲ್ಲವೆ ಬೂದಿಯೊಡನೆ ಬೆರೆಸಿ ಉದುರಿಸಿದರೆ ಒತ್ತಾಗಿ ಬೀಳುವುದಿಲ್ಲ, ಇರುವೆಗಳ ಪಾಲಾಗುವುದೂ ಕಡಿಮೆ. ಕೊತ್ತಂಬರಿಯ ಕಾಳನ್ನು ಎರಡು ಹೋಳಾಗುವಂತೆ ಮೆಲ್ಲನೆ ಉಜ್ಜಿ, ನೆನೆಸಿ ಬಿತ್ತಬೇಕು. ಬಿಸಿಲು ಬಲಿತ ಮೇಲೆ ಬಿತ್ತಿದ ಕೊತ್ತಂಬರಿ ಸೊಪ್ಪು ಕೊಡುವ ಮೊದಲೇ ಹೂವಿಗೆ ಹೋಗುತ್ತದೆ. ಬದನೆ, ಮೆಣಸು, ಟೊಮೆಟೊಗಳಿಗೆ ಎತ್ತರದ ಸಸಿಮಡಿ ಬೇಕು. ನಾಲ್ಕೈದು ವಾರದ ಸಸಿಯನ್ನು ಸಂಜೆ ಕಿತ್ತು ನೆಟ್ಟು, ಎರಡು ಮೂರು ದಿನ ಸೊಪ್ಪಿನ ನೆರಳು ಮಾಡಬೇಕು. ಮಳೆಗಾಲದ ಜೌಗಿನಲ್ಲಿ ಬದನೆಯನ್ನು ಮಲಗಿಸುವ ಸೊರಗು ರೋಗದ ಕಾಟ ನೀರು ಬಸಿದ ಈ ಮಣ್ಣಿನಲ್ಲಿ ತಗ್ಗಿರುತ್ತದೆ. ಹಿಂದಿನ ವರ್ಷ ಬದನೆ ಸೊರಗಿದ ಜಾಗದಲ್ಲಿ ಮಾತ್ರ ಮತ್ತೆ ಬದನೆಯನ್ನಾಗಲಿ ಟೊಮೆಟೊವನ್ನಾಗಲಿ ನೆಡಬಾರದು.

ಬಸಳೆಗೆ ಬೀಜವೂ ಬೇಡ. ಎರಡು ಮೂರು ಗೆಣ್ಣಿನ ಬಳ್ಳಿಯ ತುಂಡನ್ನು ಬಚ್ಚಲ ನೀರು ಹರಿವಲ್ಲಿ ಊರಿ ಚಪ್ಪರ ಹಾಕಿದರೆ ಬೇಸಿಗೆ ಪೂರ್ತಿ ಸಾರಿಗೆ ಸೊಪ್ಪಾಯಿತು. ಗೆಣಸಿನ ಬಳ್ಳಿಯನ್ನು ಏರುಮಡಿಯಲ್ಲಿ ಈಗ ಊರಿದರೆ ನಾಲ್ಕು ತಿಂಗಳಿಗೆ ಗೆಡ್ಡೆ ದೊರೆಯುತ್ತದೆ. ಭತ್ತ ಕೊಯ್ದ ಗದ್ದೆಯ ಉಳಿಕೆ ತೇವದಲ್ಲಿ ಉದ್ದು, ಹೆಸರು, ಅಲಸಂದೆ ಬರುತ್ತವೆ. ಅವು ಮಣ್ಣಿಗೆ ಸಾರಜನಕವನ್ನೂ ಬಿಟ್ಟುಹೋಗುತ್ತವೆ. ಗದ್ದೆಯ ಅಂಚಿನ ಬಾವಿಯಿಂದ ಕೊಡದಲ್ಲಿ ನೀರೆರೆದು ಬೆಳೆದ ಸಾಂಬಾರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ತೊಲೆಗೆ ತೂಗುಹಾಕಿದರೆ ಮುಂದಿನ ಮಳೆಗಾಲಕ್ಕೂ ಉಳಿಯುತ್ತದೆ. ಶೈತ್ಯಾಗಾರ ಕೇಳದ ತರಕಾರಿ ಅದು.

ಕೆಲವಕ್ಕೆ ಈಗ ಬಿತ್ತನೆಯ ಕಾಲವಲ್ಲ ಎಂಬುದನ್ನೂ ಅರಿತಿರಬೇಕು. ನಾಟಿ ಅವರೆ ಹಗಲು ಕಿರಿದಾಗುವುದನ್ನು ಕಾದು ಹೂಬಿಡುವ ಬಳ್ಳಿ. ಮಳೆಯಲ್ಲಿ ಬಿತ್ತಿದ ಅವರೆ ಬಳ್ಳಿ ಬೆಳೆಸಿಕೊಂಡು ಮಾರ್ಗಶಿರದ ಹೊತ್ತಿಗೆ ಹೂವೇರುತ್ತದೆ. ಕಾರ್ತಿಕದಲ್ಲಿ ಅದಕ್ಕೆ ಬೇಕಾದುದು ಗಟ್ಟಿ ಚಪ್ಪರ. ಸುವರ್ಣಗಡ್ಡೆಯ ಎಲೆ ಹಳದಿಯಾಗಿ ಬೀಳುತ್ತಿದ್ದರೆ ಅದು ಕೀಳುವ ಸೂಚನೆ. ನಾಲ್ಕಾರು ಗಡ್ಡೆಗಳನ್ನು ಬೀಜಕ್ಕೆ ತೆಗೆದಿಡಬೇಕು. ಪಂಚಾಂಗ ಗೋಡೆಯ ಮೇಲಷ್ಟೇ ಇಲ್ಲ, ಬೀಜದೊಳಗೂ ಇದೆ. ಅದನ್ನು ಓದಬಲ್ಲವರು ಪ್ರತಿ ಊರಿನಲ್ಲಿ ಒಬ್ಬಿಬ್ಬರು ಅಜ್ಜಿಯರು ಉಳಿದಿದ್ದಾರೆ.

ಪೊಟ್ಟಣದ ಬೀಜ, ಬುಟ್ಟಿಯ ಬೀಜ

ಇಷ್ಟನ್ನೆಲ್ಲ ಬಿತ್ತಲು ಬೀಜ ಎಲ್ಲಿಂದ ಬರಬೇಕು? ಪೇಟೆಯ ಅಂಗಡಿಯ ಹೊಳೆಯುವ ಪೊಟ್ಟಣದಲ್ಲಿರುವುದು ಬಹುಪಾಲು ಹೈಬ್ರಿಡ್. ಮೊದಲ ಬೆಳೆ ಚೆನ್ನಾಗಿಯೇ ಬರುತ್ತದೆ. ಅದರ ಬೀಜ ಹಿಡಿದು ಮತ್ತೆ ಬಿತ್ತಿದರೆ ತಾಯಿಯ ಗುಣ ಒಡೆದುಹೋಗಿ ಗಿಡಕ್ಕೊಂದು ಬಗೆಯಾಗುತ್ತದೆ. ಆಗ ರೈತ ಮತ್ತೆ ಅಂಗಡಿಗೇ ಹೋಗಬೇಕು. ವರ್ಷಕ್ಕೊಮ್ಮೆ ಬೀಜಕ್ಕಾಗಿ ಕೈಯೊಡ್ಡುವ ಮನೆ ಬೆಳೆಯ ಯಜಮಾನನಲ್ಲ, ಗಿರಾಕಿ.

ಎಲ್ಲ ಸಂಸ್ಥೆಯ ಬೀಜವೂ ಹೀಗಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಅನಾಮಿಕ ಬೆಂಡೆಯಂಥ ತಳಿಗಳ ಬೀಜವನ್ನು ರೈತರೇ ಹಿಡಿದು ಮರುವರ್ಷ ಬಿತ್ತಬಹುದು. ಸಾರ್ವಜನಿಕ ಹಣದಿಂದ ನಡೆಯುವ ವಿಜ್ಞಾನ ರೈತನ ಕೈಗೆ ಬೀಜ ಕೊಟ್ಟರೆ ಅದು ಸ್ವಾಗತಾರ್ಹ. ರೈತನ ಕೈಯಿಂದ ಬೀಜ ಕಸಿಯುವ ವಿಜ್ಞಾನವನ್ನು ಮಾತ್ರ ಪ್ರಶ್ನಿಸಬೇಕು. 2010ರ ಫೆಬ್ರವರಿ 9ರಂದು ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಘೋಷಿಸಿದ್ದು ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಜನರ ಮಾತು ಆಲಿಸಿದ ಬಳಿಕ. ಅದರ ಮರುವರ್ಷ, 2011ರಲ್ಲಿ, ಉಡುಪಿಯ ಮಟ್ಟುಗುಳ್ಳ ಬದನೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆದರೆ ತಡೆಯಾಜ್ಞೆಯಾಗಲಿ ಮಾನ್ಯತೆಯ ಪತ್ರವಾಗಲಿ ಬದನೆಯನ್ನು ಉಳಿಸದು. ಯಾರೋ ಒಬ್ಬರು ಕಾರ್ತಿಕದಲ್ಲಿ ಅದರ ಸಸಿಮಡಿ ಮಾಡಿದರೆ ಮಾತ್ರ ಅದು ಉಳಿಯುತ್ತದೆ.

ಕಾನೂನು ಈ ವಿಷಯದಲ್ಲಿ ರೈತರ ಪರವಾಗಿಯೇ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮದ 39ನೆಯ ಕಲಮು ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚುವ, ವಿನಿಮಯ ಮಾಡಿಕೊಳ್ಳುವ ಹಾಗೂ ಮಾರುವ ಹಕ್ಕನ್ನು ರೈತರಿಗೆ ನೀಡಿದೆ. ಬ್ರ್ಯಾಂಡ್ ಹಾಕಿ ಮಾರಲು ಮಾತ್ರ ಅವಕಾಶವಿಲ್ಲ. ಕಾಗದದಲ್ಲಿರುವ ಈ ಹಕ್ಕು ಬುಟ್ಟಿಯಲ್ಲಿ ಬೀಜವಿಲ್ಲದವರಿಗೆ ಯಾವ ಪ್ರಯೋಜನಕ್ಕೂ ಬಾರದು.

ಬುಟ್ಟಿಯ ಬೀಜದ ವಿದ್ಯೆ ಕಷ್ಟದ್ದೇನಲ್ಲ. ಮೊದಲ ಫಲಗಳಲ್ಲಿ ಒಳ್ಳೆಯದೊಂದನ್ನು ಗುರುತಿಸಿ ಗಿಡದಲ್ಲೇ ಬಲಿಯಲು ಬಿಡಬೇಕು. ಹೀರೆಯನ್ನು ಬಳ್ಳಿಯಲ್ಲೇ ಒಣಗಿಸಿ ಕಾಯಿ ಸಹಿತ ತೂಗುಹಾಕಬೇಕು. ಸೌತೆ, ಬದನೆಯ ಬೀಜ ತೊಳೆದು ಬೂದಿ ಬೆರೆಸಿ ಒಣಗಿಸಿ, ಒಲೆಯ ಹೊಗೆ ತಾಗುವಲ್ಲಿ ಇಡಬೇಕು. ಬದನೆ, ಅಲಸಂದೆಗಳು ಹೆಚ್ಚಾಗಿ ತಮ್ಮೊಳಗೇ ಪರಾಗ ಕೂಡುವಂಥವು. ಸೌತೆ, ಕುಂಬಳಗಳಿಗೆ ಜೇನುನೊಣ ಬೇಕು. ಒಂದೇ ಜಾತಿಯ ಎರಡು ತಳಿ ಹತ್ತಿರವಿದ್ದರೆ ಬೆರೆತುಹೋಗುತ್ತವೆ. ಆದುದರಿಂದ ಒಂದು ಮನೆ ಒಂದು ಕುಂಬಳ, ದೂರದ ಮನೆ ಇನ್ನೊಂದು ಕುಂಬಳ ಎಂದು ಊರೊಳಗೇ ಹಂಚಿಕೊಳ್ಳಬೇಕಾಗುತ್ತದೆ. ಬೀಜ ಉಳಿಸುವುದು ಒಂಟಿ ಮನೆಯ ಕೆಲಸವಲ್ಲ ಎಂಬುದನ್ನು ಕುಂಬಳದ ಬಳ್ಳಿಯೇ ಕಲಿಸುತ್ತದೆ. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಹಿತ್ತಲಿಂದ ಹಿತ್ತಲಿಗೆ ಬೀಜ ದಾಟಿಸಿ ತೋರಿಸಿರುವುದು ಇದನ್ನೇ.

ಅಡಿಕೆಯ ನೆರಳು

ಹಿತ್ತಲು ಬರಿದಾದುದಕ್ಕೆ ಬೀಜದ ಅಂಗಡಿಯೊಂದೇ ಕಾರಣವಲ್ಲ. ಅಡಿಕೆಯ ಬೆಲೆ ಏರಿದಾಗಲೆಲ್ಲ ಮಲೆನಾಡಿನ ಗದ್ದೆಗಳು ತೋಟವಾಗಿವೆ. ಗದ್ದೆ ತೋಟವಾದಾಗ ಭತ್ತದೊಂದಿಗೆ ಕೊಯ್ಲಿನ ನಂತರದ ಉದ್ದು, ಹೆಸರು, ಸೌತೆ, ಗೆಣಸುಗಳೂ ಹೋಗುತ್ತವೆ. ಹುಲ್ಲು ಹೋಗುತ್ತದೆ; ಹುಲ್ಲಿಲ್ಲದೆ ದನ ಹೋಗುತ್ತದೆ; ದನವಿಲ್ಲದೆ ಹಿತ್ತಲಿಗೆ ಹಾಕುವ ಗೊಬ್ಬರ ಹೋಗುತ್ತದೆ. ಕೊನೆಗೆ ಹಿತ್ತಲಿಗೂ ಅಡಿಕೆ ಸಸಿಯೇ ಬಂದು ನಿಲ್ಲುತ್ತದೆ. ಹಳೆಯ ತೋಟದಲ್ಲಿ ಅಡಿಕೆಯ ಜತೆ ಬಾಳೆ, ಕಾಳುಮೆಣಸು, ಏಲಕ್ಕಿ, ವೀಳ್ಯದೆಲೆ, ಅಂಚಿನಲ್ಲಿ ಕೆಸು ಇರುತ್ತಿದ್ದವು. ಹೊಸ ತೋಟದ ಬುಡಕ್ಕೆ ಕಳೆನಾಶಕ ಬೀಳುತ್ತದೆ. ಒಂದೆಲಗ, ಹೊನಗೊನೆಯಂಥ ಬಿತ್ತದೆ ಬರುವ ಸೊಪ್ಪುಗಳು ಅದರಲ್ಲಿ ಕಳೆಯೆಂದೇ ಸಾಯುತ್ತವೆ.

ಒಂದೇ ಬೆಳೆಯ ಮೇಲೆ ಇಡೀ ಸೀಮೆ ನಿಂತರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಶೃಂಗೇರಿ, ಕೊಪ್ಪದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. 2022ರಲ್ಲಿ ಎಲೆಚುಕ್ಕಿ ರೋಗ ಮಲೆನಾಡಿನ ತಾಲ್ಲೂಕುಗಳಲ್ಲಿ ವ್ಯಾಪಕವಾಗಿ ಹರಡಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರು ಅದನ್ನು ಒಪ್ಪದಿರಬಹುದು, ಆದರೆ ಮಾರುಕಟ್ಟೆಯ ಮೇಲೆ ತೂಗುವ ಕತ್ತಿ ಅದರಿಂದ ಮಾಯವಾಗದು. ಅಡಿಕೆ ಬೆಳೆಯಬಾರದೆಂದು ಯಾರೂ ಹೇಳುತ್ತಿಲ್ಲ. ಅಡಿಕೆಯ ಹಣದಿಂದಲೇ ಈ ಸೀಮೆಯ ಮಕ್ಕಳು ಓದಿದ್ದಾರೆ. ಆದರೆ ಬೆಲೆ ಕುಸಿದ ವರ್ಷ ಅಡಿಕೆಯನ್ನು ಬೇಯಿಸಿ ಉಣ್ಣಲಾಗದು. ಆ ವರ್ಷ ಮನೆಯನ್ನು ಕಾಯುವುದು ಬಸಳೆಯ ಚಪ್ಪರ, ಅಟ್ಟದ ಸೌತೆ, ಮೂಲೆಯ ಸುವರ್ಣಗಡ್ಡೆ.

ಕೇಳಿಬರುವ ಆಕ್ಷೇಪಗಳು

ಹಿತ್ತಲಿನ ಮಾತೆತ್ತಿದೊಡನೆ ಕೇಳಿಬರುವ ಮೊದಲ ಆಕ್ಷೇಪ ಮಂಗನದು. ಇದನ್ನು ನಗೆಯಾಡಿ ತಳ್ಳಿಹಾಕುವವರು ಮಲೆನಾಡಿನಲ್ಲಿ ಬದುಕಿದವರಲ್ಲ. ಒಂದು ಬೆಳಗಿನಲ್ಲಿ ಇಡೀ ಹೀರೆಯ ಚಪ್ಪರ ಬರಿದಾಗುವುದು ನಿಜ. ಆದರೆ ಮಂಗ ಊರಿಗೆ ಇಳಿದದ್ದು ಏಕೆ? ಹಣ್ಣಿನ ಮರಗಳಿದ್ದ ಗುಡ್ಡಗಳಲ್ಲಿ ಅಕೇಶಿಯಾ ಎದ್ದು ನಿಂತಿದೆ. ಆ ನೆಡುತೋಪಿನಲ್ಲಿ ಮಂಗನಿಗೆ ತಿನ್ನಲು ಏನಿದೆ? ಕಾಡಿನಲ್ಲಿ ಹಲಸು, ಅತ್ತಿ, ನೇರಳೆ ಕೇಳದೆ ಹಿತ್ತಲಿನಲ್ಲಿ ಹೀರೆ ಉಳಿಸಲಾಗದು. ಅದುವರೆಗೆ ಮಂಗ ಸಾಮಾನ್ಯವಾಗಿ ಮುಟ್ಟದ ಹಾಗಲ, ಸೂಜಿಮೆಣಸು, ಕೆಸುಗಳಿಂದ ಆರಂಭಿಸಬಹುದು. ಅದು ಇಷ್ಟಪಡುವುದನ್ನು ಮನೆಗೆ ಹತ್ತಿರ ಬೆಳೆದು ನೆರೆಯವರು ಸರದಿಯ ಮೇಲೆ ಕಾಯಬಹುದು.

ಎರಡನೆಯದು ನೀರು. ಬಿಸಿಲುಗಾಲದಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕಾಗಬಹುದು. ದಪ್ಪ ಮುಚ್ಚಿಗೆ ಕೊಟ್ಟರೆ ಅಷ್ಟೂ ಬೇಡ. ಬಚ್ಚಲಿನಿಂದ, ಪಾತ್ರೆ ತೊಳೆಯುವ ಕಟ್ಟೆಯಿಂದ ಹರಿದು ಸೊಳ್ಳೆಗೆ ಮನೆಯಾಗುವ ನೀರು ಸಣ್ಣ ಹಿತ್ತಲಿಗೆ ಸಾಕು. ಮುಚ್ಚಿಗೆಯ ತರಗೆಲೆ ಸೊಪ್ಪಿನ ಬೆಟ್ಟದಿಂದ ಬರುತ್ತದೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಆ ಬೆಟ್ಟ ಬೋಳಾದರೆ ಹಿತ್ತಲೂ ಒಣಗುತ್ತದೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡದ್ದು ಮರದ ಮೇಲಿನ ಮೋಹಕ್ಕಲ್ಲ. ಸೊಪ್ಪು, ನೀರು, ತೋಟಗಳ ಈ ಸಂಬಂಧವನ್ನು ಅವರು ಬಲ್ಲವರಾಗಿದ್ದರು.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು: ಹಿತ್ತಲೆಂದರೆ ಹೆಂಗಸರ ಬೆನ್ನಿಗೆ ಇನ್ನೊಂದು ಹೊರೆಯಲ್ಲವೇ? ಹೌದು, ಇದುವರೆಗೆ ಹಾಗೆಯೇ ಆಗಿದೆ. ಅಡಿಕೆಯ ಲೆಕ್ಕ ಸಹಕಾರ ಸಂಘದ ಪುಸ್ತಕದಲ್ಲಿ ಗಂಡಸಿನ ಹೆಸರಿನಲ್ಲಿದೆ. ಬಸಳೆಯ ಲೆಕ್ಕ ಎಲ್ಲೂ ಇಲ್ಲ. ಲೆಕ್ಕಕ್ಕೆ ಬಾರದ ದುಡಿಮೆಗೆ ಬೆಲೆಯೂ ಇಲ್ಲ. ಆದುದರಿಂದ ಲೆಕ್ಕ ಹಾಕಿಯೇ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ-ಹಣ್ಣು ಬೇಕು. ನಾಲ್ವರ ಮನೆಗೆ ದಿನಕ್ಕೆ 1.6 ಕಿಲೊ, ಕಾರ್ತಿಕದಿಂದ ಐದು ತಿಂಗಳಿಗೆ 240 ಕಿಲೊ. ಸಂತೆಯ ದರದಲ್ಲಿ ಅದನ್ನು ಗುಣಿಸಿದರೆ ಹಿತ್ತಲ ದುಡಿಮೆಯ ಬೆಲೆ ಮನೆಯ ಗಂಡಸರಿಗೂ ತಿಳಿಯುತ್ತದೆ. ಹಿತ್ತಲು ಅದರ ಅರ್ಧವನ್ನು ಕೊಟ್ಟರೂ ಸಣ್ಣದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಹಸಿರು ಸೊಪ್ಪು ಯಾರ ತಟ್ಟೆಗೆ ಮೊದಲು ಬೀಳಬೇಕೆಂಬುದನ್ನೂ ಆ ಅಂಕಿ ಹೇಳುತ್ತದೆ. ಬೇಲಿ ಕಟ್ಟುವುದು, ಮಡಿ ಏರಿಸುವುದು, ನೀರಿನ ಕಾಲುವೆ ತಿದ್ದುವುದು ಗಂಡಸರ ಪಾಲಿಗೆ ಬರಲಿ. ಅಡಿಕೆ ಕೊಯ್ಲಿಗೆ ದೊರೆಯುವ ಕೈಗಳು ಹಿತ್ತಲಿಗೂ ದೊರೆಯಬೇಕು.

ತುಳಸಿ ಹಬ್ಬದೊಳಗೆ

ಆಶ್ವಯುಜದ ಭೂಮಿ ಹುಣ್ಣಿಮೆಯಂದು ಮಲೆನಾಡಿನ ರೈತರು ಚಿತ್ತಾರದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಸೊಪ್ಪು, ಕಾಯಿಗಳ ಅಡುಗೆಯನ್ನು ಹೊತ್ತು ಗರ್ಭಿಣಿ ಪೈರಿಗೆ ಬಡಿಸುತ್ತಾರೆ. ಆ ಬುಟ್ಟಿಯ ಸೊಪ್ಪು-ಕಾಯಿಗಳಲ್ಲಿ ಎಷ್ಟು ಹಿತ್ತಲಿನವು, ಎಷ್ಟು ಬೇಲಿ-ಕಾಡಿನವು, ಎಷ್ಟು ಸಂತೆಯವು? ಪ್ರತಿ ಊರಿನ ವಿದ್ಯಾರ್ಥಿಗಳು ಹತ್ತು ಮನೆಗಳಲ್ಲಿ ಈ ಮೂರು ಪ್ರಶ್ನೆ ಕೇಳಿ ಬರೆದಿಡಲಿ. ಭೂಮಿತಾಯಿಯ ಬಯಕೆಯನ್ನು ಲಾರಿಯ ಎಲೆಕೋಸಿನಿಂದ ತೀರಿಸುವ ದಿನ ಎಷ್ಟು ಹತ್ತಿರವಾಗಿದೆ ಎಂಬುದಕ್ಕೆ ಬೇರೆ ಸಮೀಕ್ಷೆ ಬೇಕಾಗದು.

ಕೆಲಸಕ್ಕೆ ದೊಡ್ಡ ಯೋಜನೆಯೂ ಬೇಕಿಲ್ಲ. ತುಳಸಿ ಕಟ್ಟೆಗೆ ನೆಲ್ಲಿಯ ಟೊಂಗೆ ನೆಡುವ ಉತ್ಥಾನ ದ್ವಾದಶಿಯ ಸಂಜೆ ಪ್ರತಿ ಮನೆಯೂ ಒಂದು ಬಗೆಯ ಬೀಜವನ್ನು ನೆರೆಮನೆಗೆ ಕೊಟ್ಟು ಇನ್ನೊಂದನ್ನು ತರಲಿ. ಶಾಲೆಯ ಬಿಸಿಯೂಟದ ಸಾರಿಗೆ ಬೇಕಾದ ಹರಿವೆ, ಬಸಳೆ ಶಾಲೆಯ ಕೈತೋಟದಲ್ಲೇ ಬೆಳೆಯಲಿ. ಜುಲೈನ ಸಸಿಗೆ ಡಿಸೆಂಬರಿನಲ್ಲಿ ನೀರೆರೆಯುವ ಸರದಿ ಪಟ್ಟಿ ಗೋಡೆಗೆ ಬೀಳಲಿ. ಗುಡ್ಡಕ್ಕೆ ಅಕೇಶಿಯಾದ ಬದಲು ಕಾಡುಹಣ್ಣಿನ ಸಸಿ ಬೇಕೆಂಬ ಠರಾವು ಗ್ರಾಮಸಭೆಯಲ್ಲಿ ಬರಹಕ್ಕಿಳಿಯಲಿ.

ಮಣ್ಣಿನ ಹದ ಹೆಚ್ಚು ದಿನ ಕಾಯುವುದಿಲ್ಲ. ಅನೂರಾಧಾ ನಕ್ಷತ್ರ ಕಳೆಯುವಷ್ಟರಲ್ಲಿ ಮೇಲ್ಮಣ್ಣು ಬಿಗಿಯುತ್ತದೆ. ಬುಟ್ಟಿಯಲ್ಲಿ ಉಳಿದಿರುವ ಬೀಜ ಅಷ್ಟರೊಳಗೆ ಮಡಿಗೆ ಬೀಳಬೇಕು.